ಗೆದ್ದ ಮಾರನೆಯ ದಿನ

2005ರ ಆಗಸ್ಟ್. ಇರಾಕಿನ ಬಲದ್ ವಾಯುನೆಲೆಯಿಂದ ಮೈಸೂರಿನ ನಜರ್‌ಬಾದಿನ ನಮ್ಮ ಮನೆಗೆ ಫೋನ್ ಮಾಡಿದ್ದೆ. ಕಾರ್ಡಿನಲ್ಲಿ ಹತ್ತು ನಿಮಿಷ ಉಳಿದಿತ್ತು. ಕಾರಂಜಿ ಕೆರೆಗೆ ನೀರು ಬಂದದ್ದು, ಪಕ್ಕದ ಮನೆಯವರು ಹೆಂಚು ತೆಗೆಸಿ ತಾರಸಿ ಹಾಕಿಸಿದ್ದು, ಅಮ್ಮ ಒಂದೊಂದೇ ಹೇಳುತ್ತಿದ್ದಳು. ಅಷ್ಟರಲ್ಲಿ ರನ್‌ವೇ ಆಚೆ ಮಾರ್ಟರ್ ಗುಂಡು ಬಿತ್ತು. ಹಿಂದೆಯೇ ಇನ್ನೊಂದು.

"ಅದೇನೋ ಸದ್ದು?"

"ಲಾರಿಯಿಂದ ಡಬ್ಬ ಇಳಿಸ್ತಾ ಇದಾರಮ್ಮ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಯುದ್ಧ ಮುಗೀತು ಅಂತ ಪೇಪರಲ್ಲಿ ಬಂದು ಎರಡು ವರ್ಷ ಆಯ್ತಲ್ಲೋ ಮಗಾ. ಮುಗಿದ ಮೇಲೂ ಯಾಕೋ ಹೊಡೀತಾರೆ?" ಅಂದಳು.

ಕಾರ್ಡು ಮುಗಿಯಿತು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನನ್ನ ಅರ್ಧ ಆಯಸ್ಸು ಕಳೆದಿದೆ. ಸಿಕ್ಕ ಉತ್ತರದಲ್ಲಿ ಸ್ವಲ್ಪ ಭಾಗ ಬಾಗ್ದಾದಿನಲ್ಲಿತ್ತು, ಬಹುಪಾಲು ನಮ್ಮ ಮನೆಯಿಂದ ಹದಿನೈದು ಕಿಲೋಮೀಟರ್ ಆಚೆಯ ಶ್ರೀರಂಗಪಟ್ಟಣದಲ್ಲಿತ್ತು.

ನಾನು ಯುದ್ಧ ಮಾಡಲು ಹೋದವನಲ್ಲ. ಎ.ಸಿ. ಮೆಕ್ಯಾನಿಕ್. ಲಷ್ಕರ್ ಮೊಹಲ್ಲಾದ ಒಂದು ವರ್ಕ್‌ಶಾಪಿನಲ್ಲಿ ಉಸ್ತಾದರ ಕೈಕೆಳಗೆ ಒಂಬತ್ತು ವರ್ಷ ಕಂಪ್ರೆಸರ್ ಬಿಚ್ಚಿ, ಗ್ಯಾಸ್ ತುಂಬಿ ಕಲಿತವನು. ಸಾಲ ಬೆಳೆದಿತ್ತು. ಕುವೈತಿನ ಹೋಟೆಲಿನಲ್ಲಿ ಕೆಲಸ ಅಂತ ಹೇಳಿ ಒಬ್ಬ ಏಜೆಂಟು ಕಳಿಸಿದ. ಇಳಿದ ಮೂರನೇ ದಿನ ಪಾಸ್‌ಪೋರ್ಟ್ ಇಸಕೊಂಡರು, ಐದನೇ ದಿನ ಲಾರಿಗಳ ಸಾಲಿನ ಜೊತೆ ಗಡಿ ದಾಟಿಸಿದರು. 2004ರ ಜುಲೈನಲ್ಲಿ ಮೂವರು ಭಾರತೀಯ ಲಾರಿ ಚಾಲಕರನ್ನು ಇರಾಕಿನಲ್ಲಿ ಒತ್ತೆ ಹಿಡಿದ ಮೇಲೆ ನಮ್ಮ ಸರ್ಕಾರ ಅಲ್ಲಿಗೆ ಕೆಲಸಕ್ಕೆ ಹೋಗುವುದನ್ನೇ ನಿಷೇಧಿಸಿತ್ತು. ಇರಾಕಿಗೆ ಹೋಗಲು ಮಾನ್ಯವಲ್ಲ ಅಂತ ಪಾಸ್‌ಪೋರ್ಟಿಗೇ ಮುದ್ರೆ ಒತ್ತುತ್ತಿದ್ದರು. ಆದರೂ ಕುವೈತಿನ ಹಾದಿಯಲ್ಲಿ ನಮ್ಮಂಥವರು ಸಾವಿರಗಟ್ಟಲೆ ಒಳಗೆ ಹೋದೆವು. ಅಮೆರಿಕದ ಸೈನಿಕರಿಗೆ ಅನ್ನ ಬೇಯಿಸಿದವರು, ಬಟ್ಟೆ ಒಗೆದವರು, ಕಕ್ಕಸು ತೊಳೆದವರು ನೇಪಾಳ, ಫಿಲಿಪೈನ್ಸ್, ಶ್ರೀಲಂಕಾ, ಭಾರತದ ಜನ.

ಬಲದ್ ಇರುವುದು ಬಾಗ್ದಾದಿನ ಉತ್ತರಕ್ಕೆ, ಟೈಗ್ರಿಸ್ ನದಿಯ ಬಯಲಿನಲ್ಲಿ. ಸದ್ದಾಂ ಹುಸೇನನ ಕಾಲದಲ್ಲಿ ಅದು ಇರಾಕಿ ವಾಯುಪಡೆಯ ನೆಲೆ. ನಾನು ಹೋಗುವ ಹೊತ್ತಿಗೆ ಅಲ್ಲಿ ಅಮೆರಿಕದವರ ಒಂದು ಊರೇ ಎದ್ದಿತ್ತು. ಸೈನಿಕರು ಮಲಗುವ ತಗಡಿನ ಕೋಣೆಗಳು ಸಾಲುಸಾಲು, ಕೋಣೆಗೊಂದು ಎ.ಸಿ. ಜುಲೈನಲ್ಲಿ 50 ಡಿಗ್ರಿ ಬಿಸಿಲು. ಮೈದಾ ಹಿಟ್ಟಿನಂಥ ಧೂಳು ಕಾಯಿಲ್‌ನ ಸಂದಿಸಂದಿಗೂ ಹೊಕ್ಕು ಕೂರುತ್ತಿತ್ತು. ಬೆಳಿಗ್ಗೆ ತೊಳೆದದ್ದು ಸಂಜೆಗೆ ಮತ್ತೆ ಕಟ್ಟಿಕೊಳ್ಳುತ್ತಿತ್ತು. ಗಸ್ತು ಮುಗಿಸಿ ಬಂದ ಇಪ್ಪತ್ತು ವರ್ಷದ ಹುಡುಗರು ಬೂಟೂ ಬಿಚ್ಚದೆ ಮಲಗಿರುತ್ತಿದ್ದರು. ನಿದ್ದೆಯಲ್ಲಿ ನನ್ನ ತಂಗಿಯ ಮಗನ ಹಾಗೇ ಕಾಣುತ್ತಿದ್ದರು. ಅವರ ಮೇಲೆ ನನಗೆ ಎಂದೂ ಸಿಟ್ಟು ಬರಲಿಲ್ಲ.

ದಿನಾ ಬೆಳಿಗ್ಗೆ ಗೇಟಿನ ಹೊರಗೆ ಸುತ್ತಲ ಹಳ್ಳಿಯ ಇರಾಕಿಗಳು ಕೂಲಿಗೆ ಸಾಲು ನಿಲ್ಲುತ್ತಿದ್ದರು. ಕೈ ಮೇಲೆತ್ತಿಸಿ, ಅಂಗಿ ಎತ್ತಿಸಿ, ತಡಕಿ ಒಳಗೆ ಬಿಡುತ್ತಿದ್ದರು. ಹಿಂದೆ ಬಂದೂಕು ಹಿಡಿದ ಕಾವಲು. ಅವರಲ್ಲಿ ಒಬ್ಬ, ನಲವತ್ತೈದರ ಆಸುಪಾಸು, ಕಸ ಆಯಲು ಬರುತ್ತಿದ್ದ. ಒಂದು ದಿನ ನಾನು ಸುಟ್ಟ ಕಂಪ್ರೆಸರಿನ ಮುಂದೆ ಕೂತು ತಲೆ ಕೆರೆಯುತ್ತಿದ್ದೆ. ಆತ ಕಸದ ಚೀಲ ಕೆಳಗಿಟ್ಟು, ಕಡ್ಡಿಯಿಂದ ಧೂಳಿನ ಮೇಲೆ ಮೂರು ಗೆರೆ ಎಳೆದ. ಸ್ಟಾರ್ಟ್, ರನ್, ಕಾಮನ್. ಎಲ್ಲಿ ತಪ್ಪಿದ್ದೀಯ ಅಂತ ಬೆರಳಿಟ್ಟು ತೋರಿಸಿದ. ತೋರಿಸಿದ್ದು ಸರಿಯಾಗಿತ್ತು.

ಅಂದಿನಿಂದ ನಾನು ಆತನನ್ನು ಉಸ್ತಾದ್ ಅಂತಲೇ ಕರೆದೆ. ಅವರಲ್ಲೂ ಕೆಲಸ ಬಲ್ಲವನಿಗೆ 'ಉಸ್ತಾ' ಅನ್ನುತ್ತಾರೆ. ಆತ ಅದೇ ವಾಯುನೆಲೆಯಲ್ಲಿ ಹದಿನೆಂಟು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವನು. ದೂರದ ಒಂದು ಹ್ಯಾಂಗರ್ ತೋರಿಸಿ "ನಂದು" ಅಂದ. ಈಗ ಅದರ ಮುಂದಿನ ಕಸ ಆಯುತ್ತಿದ್ದ. ನಮ್ಮಿಬ್ಬರ ಮಾತು ಹರಕು ಇಂಗ್ಲಿಷಿನಲ್ಲಿ, ಕೈಸನ್ನೆಯಲ್ಲಿ. ನಡುವೆ ಇಬ್ಬರಿಗೂ ಗೊತ್ತಿರುವ ಕೆಲವು ಶಬ್ದ ಸಿಗುತ್ತಿದ್ದವು: ಕಿತಾಬ್, ದುನಿಯಾ, ಹಿಸಾಬ್.

"2003ರ ಮೇ ತಿಂಗಳ ಹಿಸಾಬು ಇನ್ನೂ ಬಾಕಿ ಇದೆ," ಅಂದ ಒಂದು ದಿನ.

ಆ ಮೇ ತಿಂಗಳ ಕಥೆ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಇರಾಕಿನ ಹತ್ತಿರ ಸಾಮೂಹಿಕ ವಿನಾಶದ ಶಸ್ತ್ರಗಳಿವೆ ಎಂಬ ಕಾರಣ ಕೊಟ್ಟು ಅಮೆರಿಕ, ಬ್ರಿಟನ್ ಮತ್ತು ಜೊತೆಗಾರರು 2003ರ ಮಾರ್ಚ್ 20ರಂದು ದಾಳಿ ಶುರುಮಾಡಿದರು. ಏಪ್ರಿಲ್ 9ಕ್ಕೆ ಬಾಗ್ದಾದ್ ಬಿತ್ತು. ಫಿರ್ದೋಸ್ ಚೌಕದಲ್ಲಿ ಸದ್ದಾಮನ ಪ್ರತಿಮೆ ಉರುಳಿದ್ದನ್ನು ನಾವೂ ಟೀವಿಯಲ್ಲಿ ನೋಡಿದೆವು. ಮರುದಿನದಿಂದ ಲೂಟಿ. ತೈಲ ಸಚಿವಾಲಯಕ್ಕೆ ಕಾವಲಿತ್ತು, ಸಾವಿರಾರು ವರ್ಷದ ಮಡಕೆ ಮುದ್ರೆಗಳಿದ್ದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಇರಲಿಲ್ಲ. ಮೇ 1ರಂದು ಅಧ್ಯಕ್ಷ ಬುಷ್ ಯುದ್ಧನೌಕೆಯ ಮೇಲೆ ನಿಂತು ಮುಖ್ಯ ಕಾಳಗ ಮುಗಿಯಿತೆಂದರು. ಅಮ್ಮ ಪೇಪರಿನಲ್ಲಿ ಓದಿದ್ದು ಅದನ್ನೇ. ಕಾರಣವಾಗಿ ಹೇಳಿದ ಆ ಶಸ್ತ್ರಗಳು ಕೊನೆಗೂ ಸಿಗಲಿಲ್ಲ.

ಮೇ 12ಕ್ಕೆ ಪಾಲ್ ಬ್ರೆಮರ್ ಎಂಬ ಅಧಿಕಾರಿ ಇರಾಕಿನ ಆಡಳಿತ ವಹಿಸಿಕೊಂಡು ಬಂದ. 16ನೇ ತಾರೀಖಿನ ಮೊದಲ ಆದೇಶ, ಸದ್ದಾಮನ ಬಾಥ್ ಪಕ್ಷದ ಮೇಲಿನ ಹಂತಗಳಲ್ಲಿದ್ದವರಿಗೆ ಸರ್ಕಾರಿ ಕೆಲಸ ಇಲ್ಲ. 23ನೇ ತಾರೀಖಿನ ಎರಡನೇ ಆದೇಶ, ಇಡೀ ಸೈನ್ಯ ವಿಸರ್ಜನೆ. ಸುಮಾರು ನಾಲ್ಕು ಲಕ್ಷ ಜನ, ಬಂದೂಕು ಹಿಡಿಯಲು ಬಲ್ಲವರು, ಮದ್ದುಗುಂಡಿನ ಕೊಠಡಿ ಎಲ್ಲಿದೆ ಅಂತ ಬಲ್ಲವರು, ಒಂದು ಹಾಳೆಯ ಮೇಲೆ ಮನೆಗೆ ಹೋದರು. ಆ ಕೊಠಡಿಗಳಿಗೆ ಕಾವಲೂ ಇರಲಿಲ್ಲ. ಸಂಬಳ ಕೇಳಲು ಜೂನ್ 18ರಂದು ಬಾಗ್ದಾದಿನಲ್ಲಿ ಸೇರಿದ ಮಾಜಿ ಸೈನಿಕರ ಮೇಲೆ ಗುಂಡು ಹಾರಿ ಇಬ್ಬರು ಸತ್ತರು. ಆಮೇಲೆ ತಿಂಗಳಿಗೆ ಐವತ್ತರಿಂದ ನೂರೈವತ್ತು ಡಾಲರ್ ಭತ್ಯೆ ಕೊಡುತ್ತೇವೆಂದರು. ಅಷ್ಟರಲ್ಲಿ ತಡವಾಗಿತ್ತು. ಆಗಸ್ಟ್ 19ರಂದು ವಿಶ್ವಸಂಸ್ಥೆಯ ಕಚೇರಿಯನ್ನೇ ಬಾಂಬಿಟ್ಟು ಉರುಳಿಸಿದರು. ಅದರ ಮುಖ್ಯಸ್ಥ ಸೆರ್ಜಿಯೊ ವಿಯೆರಾ ಡಿ ಮೆಲ್ಲೊ ಸತ್ತ. ಬಾಂಬಿಟ್ಟವರೆಲ್ಲ ಸದ್ದಾಮನ ಸೈನಿಕರೇ ಅಂತಲ್ಲ, ಹೊರದೇಶದಿಂದ ಬಂದ ಮತಾಂಧರೂ ಇದ್ದರು. ಆದರೆ ರಸ್ತೆಬದಿಯ ಬಾಂಬಿಗೆ ತಂತಿ ಜೋಡಿಸುವ ಕೈ ಬೇಕಲ್ಲ, ಅದು ಹೊಸದಾಗಿ ಕಲಿತ ಕೈ ಆಗಿರಲಿಲ್ಲ. ಎಲೆಕ್ಟ್ರಿಕಲ್ ಕೆಲಸದವನಾಗಿ ನನಗೆ ಇದು ಬೇಗ ಅರ್ಥವಾಯಿತು.

ಉಸ್ತಾದ್ ಯಾವ ಗುಂಪಿಗೂ ಸೇರಿರಲಿಲ್ಲ. ಆತನ ಜೊತೆ ಕೆಲಸ ಮಾಡಿದ್ದ ಇಬ್ಬರು ಸೇರಿದ್ದರು. "ಅವರಿಗೂ ಕಸದ ಚೀಲ ಕೊಟ್ಟಿದ್ದರೆ ಸೇರುತ್ತಿರಲಿಲ್ಲವೇನೋ," ಅಂದ. ನಗುತ್ತ ಹೇಳಿದ್ದಲ್ಲ.

2007ರ ಆರಂಭದಲ್ಲಿ ನಾನು ಊರಿಗೆ ಮರಳಿದೆ. ಎ.ಸಿ. ರಿಪೇರಿಗೆ ಊರೆಲ್ಲ ಸುತ್ತುವಾಗ ಮೊದಲ ಸಲ ನಮ್ಮ ಊರಿನ ಹೆಸರುಗಳು ಕಿವಿಗೆ ಬಿದ್ದವು. ಲಷ್ಕರ್ ಅಂದರೆ ದಂಡು. ನಾನು ಕೆಲಸ ಕಲಿತದ್ದು ದಂಡಿನ ಕೇರಿಯಲ್ಲಿ. ನಾನು ಹುಟ್ಟಿದ ನಜರ್‌ಬಾದ್ ಟಿಪ್ಪು ಸುಲ್ತಾನ್ ಕಟ್ಟಿಸಲು ಹೊರಟಿದ್ದ ಕೋಟೆಯ ಹೆಸರು. ಅದಕ್ಕಾಗಿ ಹಳೆಯ ಮೈಸೂರು ಕೋಟೆಯನ್ನು ಕೆಡವಿ ಕಲ್ಲು ಹೊರಿಸಿದ್ದ. 1799ರಲ್ಲಿ ಆತ ಸತ್ತ ಮೇಲೆ ಅದೇ ಕಲ್ಲುಗಳನ್ನು ಇಲ್ಲಿಂದ ಕಿತ್ತು ಮೈಸೂರು ಕೋಟೆಗೆ ವಾಪಸ್ ಹೊರಿಸಿದರು. ಆ ಕಲ್ಲು ಹೊತ್ತ ಕೂಲಿಗಳನ್ನು ನಾನು ಆಗಾಗ ನೆನೆಯುತ್ತೇನೆ. ಹದಿನೈದು ವರ್ಷದೊಳಗೆ ಎರಡು ಸಲ ಒಂದೇ ಕಲ್ಲು.

ಇರ್ವಿನ್ ರಸ್ತೆಯಲ್ಲಿ ವೆಲ್ಲಿಂಗ್ಟನ್ ಹೌಸ್ ಇದೆ. ಈಗ ಅದರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ದಕ್ಷಿಣ ಕೇಂದ್ರ. ಮುಂದೆ 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿ ವೆಲ್ಲಿಂಗ್ಟನ್ ಡ್ಯೂಕ್ ಎಂದು ಹೆಸರಾದ ಆರ್ಥರ್ ವೆಲ್ಲೆಸ್ಲಿ ಇಲ್ಲಿ ಇಳಿದುಕೊಳ್ಳುತ್ತಿದ್ದನೆಂದು ಪ್ರತೀತಿ. ಆತ ಮೈಸೂರಿಗೆ ಬಂದಾಗ ಬರೀ ಕರ್ನಲ್. ಈ ಮನೆಯ ಮುಂದೆ ಹಾದುಹೋಗುವಾಗೆಲ್ಲ, ಆತನೂ ಒಂದು ಗೆದ್ದ ಊರಿನ ಕಾವಲಿಗೆ ಕೂತವನಲ್ಲವೇ, ಆತನ ಮೇಲೆ ಯಾರೂ ಮಾರ್ಟರ್ ಹಾರಿಸಲಿಲ್ಲವೇ ಅನ್ನಿಸುತ್ತಿತ್ತು. ಭಾನುವಾರಗಳಲ್ಲಿ ಗ್ರಂಥಾಲಯಕ್ಕೆ ಹೋಗಿ ಓದತೊಡಗಿದೆ. ಹಯವದನ ರಾಯರ ಮೈಸೂರು ಇತಿಹಾಸ, ವೆಲ್ಲೆಸ್ಲಿಯ ಪತ್ರಗಳು. ಇಂಗ್ಲಿಷ್ ನಿಧಾನ. ಒಂದು ಪುಟಕ್ಕೆ ಅರ್ಧ ಗಂಟೆ.

ಹಾರಿಸಿದ್ದರು. ಶಾಲೆಯಲ್ಲಿ ನಮಗೆ ಕಥೆಯನ್ನು 1799ರ ಮೇ 4ಕ್ಕೆ ನಿಲ್ಲಿಸಿಬಿಟ್ಟಿದ್ದರು, ಅಷ್ಟೇ.

ಆ ಯುದ್ಧಕ್ಕೂ ಒಂದು ಕಾರಣ ಕೊಟ್ಟಿದ್ದರು. ಟಿಪ್ಪು ಫ್ರೆಂಚರ ಜೊತೆ ಸೇರಿ ಇಂಗ್ಲಿಷರನ್ನು ಓಡಿಸಲು ಹೊರಟಿದ್ದಾನೆ ಎಂದು. ಟಿಪ್ಪು ಫ್ರೆಂಚರಿಗೆ ಬರೆದದ್ದು ನಿಜ, ಮಾರಿಷಸ್ಸಿನ ಫ್ರೆಂಚ್ ಗವರ್ನರ್ 1798ರ ಜನವರಿಯಲ್ಲಿ ಅದನ್ನು ಡಂಗುರ ಹೊಡೆಸಿದ್ದೂ ನಿಜ. ಕೊನೆಗೆ ಮಂಗಳೂರಿಗೆ ಬಂದಿಳಿದ ಸ್ವಯಂಸೇವಕರು ನೂರಕ್ಕೂ ಕಡಿಮೆ. ಅಷ್ಟು ಮಂದಿಯ ಭಯಕ್ಕೆ ಗವರ್ನರ್ ಜನರಲ್, ಅಂದರೆ ಆರ್ಥರನ ಅಣ್ಣ ರಿಚರ್ಡ್ ವೆಲ್ಲೆಸ್ಲಿ, ನಿಜಾಮನ ಪಡೆಯನ್ನೂ ಸೇರಿಸಿ ಸುಮಾರು 50 ಸಾವಿರ ಸೈನ್ಯ ಕಳಿಸಿದ. ಮೇ 4ರ ಮಧ್ಯಾಹ್ನ ಕೋಟೆಯ ಬಿರುಕಿನಿಂದ ನುಗ್ಗಿದರು, ಸಂಜೆಯೊಳಗೆ ಟಿಪ್ಪು ಸತ್ತಿದ್ದ. ರಾತ್ರಿಯೆಲ್ಲ ಲೂಟಿ. ಮರುದಿನ ಕರ್ನಲ್ ವೆಲ್ಲೆಸ್ಲಿ ಊರಿನ ಅಧಿಕಾರ ವಹಿಸಿಕೊಂಡು, ಲೂಟಿ ಮಾಡಿದ ಕೆಲವರನ್ನು ಗಲ್ಲಿಗೇರಿಸಿ ನಿಲ್ಲಿಸಿದ. ಈ ಒಂದು ವಿಷಯದಲ್ಲಿ ಆತ ಬಾಗ್ದಾದಿನವರಿಗಿಂತ ಬುದ್ಧಿವಂತ.

ಜೂನ್ 30ರಂದು ಮೈಸೂರಿನಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟಿದರು. ಅರಮನೆ ಇರಲಿಲ್ಲ, ಚಪ್ಪರ ಹಾಕಿದ್ದರು. ಹಳೆಯ ರಾಜವಂಶವನ್ನು ಮತ್ತೆ ಕೂರಿಸಿದ್ದೇವೆ ಎಂಬ ಮಾತು ಕೇಳಲು ಚೆನ್ನಾಗಿತ್ತು. ಜುಲೈ 8ರ ಒಪ್ಪಂದದಲ್ಲಿ ವರ್ಷಕ್ಕೆ 7 ಲಕ್ಷ ವರಹ ಈಸ್ಟ್ ಇಂಡಿಯಾ ಕಂಪನಿಗೆ ಕೊಡಬೇಕೆಂದು ಬರೆಸಿಕೊಂಡರು. ಕಂಪನಿಯ ಪಡೆ ಇಲ್ಲೇ ಉಳಿಯಿತು, ಶ್ರೀರಂಗಪಟ್ಟಣದ ದ್ವೀಪ ಕಂಪನಿಗೇ ಆಯಿತು, ದೊರೆಯ ಪಕ್ಕದಲ್ಲಿ ಕಂಪನಿಯ ರೆಸಿಡೆಂಟ್ ಬ್ಯಾರಿ ಕ್ಲೋಸ್ ಬಂದು ಕೂತ. ಟಿಪ್ಪುವಿನ ದೊಡ್ಡ ಸರದಾರರಿಗೆ ಪಿಂಚಣಿ ಸಿಕ್ಕಿತು. ಸಾಮಾನ್ಯ ಸವಾರರನ್ನು, ಸಿಪಾಯಿಗಳನ್ನು ಮನೆಗೆ ಕಳಿಸಿದರು.

ಈ ಸಾಲು ಓದಿದಾಗ ನಾನು ಪುಸ್ತಕ ಮುಚ್ಚಿ ಹೊರಗೆ ಬಂದು ಒಂದು ಟೀ ಕುಡಿದೆ.

ಕೋಟೆ ಬಿದ್ದ ದಿನ ಶ್ರೀರಂಗಪಟ್ಟಣದ ಸೆರೆಮನೆಯಿಂದ ಒಬ್ಬ ಹೊರಬಿದ್ದಿದ್ದ. ಧೋಂಡಿಯ ವಾಘ್. ಚನ್ನಗಿರಿಯ ಮರಾಠ, ಹೈದರನ ಸವಾರನಾಗಿದ್ದವನು, ಆಮೇಲೆ ಧಾರವಾಡದ ಕಡೆ ಲೂಟಿ ಮಾಡಿಕೊಂಡಿದ್ದವನು. ಟಿಪ್ಪು ಅವನನ್ನು ಹಿಡಿಸಿ, ಮತ ಬದಲಿಸಿ, ಸೆರೆಗೆ ಹಾಕಿದ್ದ. ಅವನು ಬಿದನೂರಿನ ಕಡೆ ಓಡುವಾಗ ಜೊತೆಗಿದ್ದವರು ಬೆರಳೆಣಿಕೆ. ವಾರಗಳಲ್ಲಿ ಕೆಲಸ ಕಳೆದುಕೊಂಡ ಸವಾರರು ಕುದುರೆ ಸಮೇತ ಬಂದು ಸೇರತೊಡಗಿದರು. ಶಿವಮೊಗ್ಗದ ಸೀಮೆ ಅವನ ಕೈಗೆ ಹೋಯಿತು. ಆಗಸ್ಟಿನಲ್ಲಿ ಕಂಪನಿಯ ಪಡೆ ಅವನನ್ನು ತುಂಗಭದ್ರೆಯ ಆಚೆಗೆ ಅಟ್ಟಿತು, ಅಲ್ಲಿ ಪೇಶ್ವೆಯ ಸರದಾರ ಗೋಖಲೆ ಬಡಿದು ಆನೆ, ತೋಪು ಕಿತ್ತುಕೊಂಡ. ಮುಗಿಯಿತು ಅಂದುಕೊಂಡರು. ಮರುವರ್ಷ ಬೇಸಿಗೆಗೆ ಮತ್ತೆ ಹತ್ತಾರು ಸಾವಿರ ಸವಾರರೊಡನೆ ಎದ್ದು, ತನ್ನನ್ನು ಎರಡು ಲೋಕದ ದೊರೆ ಎಂದು ಕರೆದುಕೊಂಡ.

ಬಟಾವಿಯಾದ ಡಚ್ಚರ ಮೇಲೆ ದಂಡೆತ್ತಿ ಹೋಗುವ ಅವಕಾಶ ವೆಲ್ಲೆಸ್ಲಿಗೆ ಬಂದಿತ್ತು. ಹೋಗಿದ್ದರೆ ಲಾಭವೂ ಇತ್ತು. ಆತ ಧೋಂಡಿಯನ ಬೆನ್ನು ಹತ್ತಿದ. 1800ರ ಜೂನ್ ಕೊನೆಗೆ ಹರಿಹರದ ಹತ್ತಿರ ತುಂಗಭದ್ರೆ ದಾಟಿ ರಾಣೆಬೆನ್ನೂರು, ಜುಲೈನಲ್ಲಿ ಕುಂದಗೋಳ, ಡಂಬಳ. ಅಷ್ಟರಲ್ಲಿ ಧೋಂಡಿಯ ಕಿತ್ತೂರಿನ ಬಳಿ ತನ್ನನ್ನು ಬಡಿದಿದ್ದ ಗೋಖಲೆಯ ಮೇಲೆ ಬಿದ್ದು ಕೊಂದುಹಾಕಿದ್ದ. ಜುಲೈ 30ರಂದು ಮಲಪ್ರಭೆಯ ದಡದ ಮುನವಳ್ಳಿಯಲ್ಲಿ ಅವನ ಪಾಳೆಯದ ಒಂದು ಭಾಗ ಸಿಕ್ಕಿಬಿತ್ತು. ಹೊಳೆ ತುಂಬಿ ಹರಿಯುತ್ತಿತ್ತು. ಹಿಂದೆ ಕತ್ತಿ, ಮುಂದೆ ನೀರು. ಸತ್ತವರಲ್ಲಿ ನೀರಿಗೆ ಬಿದ್ದವರೇ ಹೆಚ್ಚು.

ವೆಲ್ಲೆಸ್ಲಿಯ ಪತ್ರಗಳಲ್ಲಿ ಕಾಳಗದ ಮಾತು ಕಡಿಮೆ. ಎತ್ತು, ಅಕ್ಕಿ, ಹುಲ್ಲು, ಹರಿಗೋಲು, ಹೊಳೆ ಯಾವಾಗ ಏರುತ್ತದೆ, ಲಂಬಾಣಿಗಳ ಧಾನ್ಯದ ಹೇರು ಎಲ್ಲಿಗೆ ಬಂತು, ಇದೇ. ಓದುವಾಗ ನನಗೆ ಕುವೈತಿನಿಂದ ಬಲದ್‌ಗೆ ಬರುತ್ತಿದ್ದ ಲಾರಿಗಳ ಸಾಲು ಕಣ್ಣೆದುರು ಬರುತ್ತಿತ್ತು. ಐಸ್‌ಕ್ರೀಮಿನಿಂದ ಡೀಸೆಲ್‌ವರೆಗೆ ಎಲ್ಲವೂ ಆ ಒಂದೇ ರಸ್ತೆಯಲ್ಲಿ. ಬಾಂಬುಗಳೂ ಆ ರಸ್ತೆಯಲ್ಲೇ.

ಧೋಂಡಿಯನನ್ನು ಕೆಲವರು ಸ್ವಾತಂತ್ರ್ಯ ವೀರ ಅನ್ನುತ್ತಾರೆ, ಇಂಗ್ಲಿಷರು ದರೋಡೆಕೋರ ಅಂದರು. ನನಗೆ ಎರಡೂ ಒಪ್ಪಿಗೆಯಿಲ್ಲ. ಅವನು ಹೋದ ದಾರಿಯಲ್ಲಿ ರೈತನ ಕಣಜ ಉಳಿಯಲಿಲ್ಲ. ಹಿಂದಿನಿಂದ ಬಂದ ಕಂಪನಿಯ ದಂಡಿಗೂ ಮೇವು ಬೇಕೇ ಬೇಕು. ಹಾವೇರಿ, ಗದಗದ ಎರೆಭೂಮಿಯ ಹಳ್ಳಿಯವನಿಗೆ ಆ ವರ್ಷ ಎರಡು ದಂಡು, ಒಂದೇ ಕಣಜ. ಆದರೆ ಅವನ ಹಿಂದೆ ಕುದುರೆ ಹತ್ತಿದ ಸಾವಿರಾರು ಜನ ಹುಟ್ಟು ಕಳ್ಳರಲ್ಲ. ನಿನ್ನೆಯವರೆಗೆ ಸಂಬಳದ ಸವಾರರು.

1800ರ ಸೆಪ್ಟೆಂಬರ್ 10. ರಾಯಚೂರು ಕಡೆಯ ಕೋನಗಲ್ಲಿನ ಹತ್ತಿರ ಸುಮಾರು ಐದು ಸಾವಿರ ಸವಾರರೊಡನೆ ಧೋಂಡಿಯ ಎದುರಾದ. ವೆಲ್ಲೆಸ್ಲಿಯ ಹತ್ತಿರ ಇದ್ದದ್ದು ನಾಲ್ಕು ಕುದುರೆ ದಳ. ಸಾಲಾಗಿ ನಿಲ್ಲಿಸಿ ತಾನೇ ಮುಂದೆ ನಿಂತು ನುಗ್ಗಿದ. ಧೋಂಡಿಯ ಸತ್ತ. ಶವವನ್ನು ತೋಪಿನ ಗಾಡಿಗೆ ಕಟ್ಟಿ ಪಾಳೆಯಕ್ಕೆ ತಂದರು. ಅಷ್ಟಕ್ಕೂ ನಿಲ್ಲಲಿಲ್ಲ. ಸಕಲೇಶಪುರದ ಕಾಡಿನಲ್ಲಿ ಬಲಂ ಸೀಮೆಯ ಕೃಷ್ಣಪ್ಪ ನಾಯಕ 1802ರ ಫೆಬ್ರವರಿಯಲ್ಲಿ ಗಲ್ಲಿಗೇರುವವರೆಗೂ, ವಯನಾಡಿನಲ್ಲಿ ಪಳಶಿ ರಾಜ 1805ರ ನವೆಂಬರಿನಲ್ಲಿ ಸಾಯುವವರೆಗೂ ಹೊಡೆದಾಡಿದರು. ಒಂದು ಮಧ್ಯಾಹ್ನದ ಗೆಲುವಿಗೆ ಆರೂವರೆ ವರ್ಷದ ಬಾಲ.

ನಮ್ಮ ಸೀಮೆ ಅಷ್ಟರಲ್ಲೇ ಉಳಿದದ್ದಕ್ಕೆ ದಿವಾನ್ ಪೂರ್ಣಯ್ಯನವರ ಲೆಕ್ಕಾಚಾರ ದೊಡ್ಡ ಕಾರಣ ಅಂತ ನನ್ನ ನಂಬಿಕೆ. ಅವರು ಟಿಪ್ಪುವಿನ ಹಣಕಾಸು ನೋಡಿಕೊಂಡಿದ್ದವರು. ಯಾರ ಮನೆಯ ಒಲೆ ಯಾವ ಸಂಬಳದಿಂದ ಉರಿಯುತ್ತದೆ ಅಂತ ಗೊತ್ತಿದ್ದವರು. ಸವಾರರಲ್ಲಿ ಅನೇಕರನ್ನು ಸಿಲ್ಲೇದಾರ್ ದಳಕ್ಕೆ ಸೇರಿಸಿಕೊಂಡರು. ಸಿಲ್ಲೇದಾರ ಅಂದರೆ ಸ್ವಂತ ಕುದುರೆ, ಸ್ವಂತ ಆಯುಧ ತಂದು ಚಾಕರಿ ಮಾಡುವವನು. ಹಳ್ಳಿಗಳ ಕಾಲಾಳುಗಳನ್ನು ಕಂದಾಚಾರ ಎಂಬ ಸ್ಥಳೀಯ ಪಡೆಯಲ್ಲಿ ಉಳಿಸಿ, ಸಂಬಳದ ಒಂದು ಪಾಲನ್ನು ಜಮೀನಿನ ರೂಪದಲ್ಲಿ ಕೊಟ್ಟರು. ಉಳುವ ನೆಲ ಇರುವವನು ಎರಡು ಲೋಕದ ದೊರೆಯ ಹಿಂದೆ ಹೋಗುವುದು ಕಷ್ಟ. ಇದೇ ಸಿಲ್ಲೇದಾರರು 1803ರಲ್ಲಿ ಮರಾಠರ ಮೇಲಿನ ಯುದ್ಧಕ್ಕೆ ವೆಲ್ಲೆಸ್ಲಿಯ ಜೊತೆಗೇ ಹೋದರು. ಕಂಪನಿಗೆ ನಿಷ್ಠೆ ತೋರಿದ್ದಕ್ಕೆ ಪೂರ್ಣಯ್ಯನವರನ್ನು ಬೈಯುವವರಿದ್ದಾರೆ. ಆ ಸವಾರರ ಹೆಂಡಿರು ಮಕ್ಕಳನ್ನು ಕೇಳಬೇಕಿತ್ತು.

ಅಮೆರಿಕದವರಿಗೂ ಈ ಬುದ್ಧಿ ಬಂತು, ನಾಲ್ಕು ವರ್ಷ ತಡವಾಗಿ. 2007ರಲ್ಲಿ ಸುನ್ನಿ ಹಳ್ಳಿಗಳಲ್ಲಿ ನಿನ್ನೆ ತಮ್ಮ ಮೇಲೆ ಗುಂಡು ಹಾರಿಸಿದವರಿಗೇ ತಿಂಗಳಿಗೆ ಸುಮಾರು 300 ಡಾಲರ್ ಕೊಟ್ಟು ಕಾವಲಿಗೆ ನಿಲ್ಲಿಸಿದರು. ಒಂದು ಲಕ್ಷದಷ್ಟು ಜನ ಸೇರಿದರು, ಸಾವು ಇಳಿಯಿತು. ಆಮೇಲೆ ಅವರನ್ನು ಬಾಗ್ದಾದಿನ ಸರ್ಕಾರಕ್ಕೆ ಒಪ್ಪಿಸಿದರು. ಅದು ಹಲವರಿಗೆ ಸಂಬಳ ನಿಲ್ಲಿಸಿತು, ಕೊಡುತ್ತೇವೆಂದ ಕೆಲಸ ಕೊಡಲಿಲ್ಲ. 2011ರ ಡಿಸೆಂಬರಿನಲ್ಲಿ ಅಮೆರಿಕ ಹೊರಟುಹೋಯಿತು. 2014ರ ಜೂನಿನಲ್ಲಿ ಮೋಸುಲ್ ನಗರ ಐಸಿಸ್ ಕೈಗೆ ಬಿದ್ದಾಗ, ಆ ಪಡೆಯನ್ನು ಕಟ್ಟಿದವರಲ್ಲಿ ಸದ್ದಾಮನ ಹಳೆಯ ಅಧಿಕಾರಿಗಳಿದ್ದರು. ಅಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದ ನಮ್ಮ ದೇಶದ 39 ಕೂಲಿಕಾರರನ್ನು ಕೊಂದರು. ಅವರು ಹೋದದ್ದೂ ನಾನು ಹೋದಂಥದ್ದೇ ಸಾಲ ತೀರಿಸಲು.

ಉಸ್ತಾದನ ಊರು ದುಲುಯ್ಯಾ, ಟೈಗ್ರಿಸ್ ನದಿಯ ಆಚೆ. ಸುನ್ನಿಗಳ ಊರು, ಸೈನ್ಯದಲ್ಲಿದ್ದವರೇ ಹೆಚ್ಚು. ಈಚೆಯ ಬಲದ್ ಶಿಯಾಗಳದ್ದು. ಎರಡೂ ಊರಿನವರು ಒಬ್ಬರ ತೋಟದಲ್ಲಿ ಒಬ್ಬರು ದುಡಿಯುತ್ತಿದ್ದರು. 2006ರ ಫೆಬ್ರವರಿ 22ರಂದು ಸಮರ್ರಾದ ಅಸ್ಕರಿ ಮಸೀದಿಯ ಚಿನ್ನದ ಗುಮ್ಮಟವನ್ನು ಬಾಂಬಿಟ್ಟು ಉಡಾಯಿಸಿದರು. ಅಲ್ಲಿಂದ ನೆರೆಯವರು ನೆರೆಯವರನ್ನು ಕೊಲ್ಲತೊಡಗಿದರು. ಅಕ್ಟೋಬರಿನಲ್ಲಿ ಬಲದ್‌ನ ಕೂಲಿಕಾರರನ್ನು ದುಲುಯ್ಯಾದ ಕಡೆ ಕೊಂದರು, ಸೇಡಿಗೆ ಬಲದ್‌ನಲ್ಲಿ ಸಿಕ್ಕ ಸುನ್ನಿಗಳನ್ನು ಕೊಂದರು. ಆ ವಾರದಿಂದ ಉಸ್ತಾದ್ ಬರಲಿಲ್ಲ. ಗೇಟಿನ ಸಾಲಿನಲ್ಲಿ ಎರಡು ತಿಂಗಳು ದಿನಾ ನೋಡಿದೆ.

ಆತ ಹಿಂದಿನ ವಾರ ಒಂದು ಲೈನ್ ಟೆಸ್ಟರ್ ಕೊಟ್ಟಿದ್ದ. ಹಸಿರು ಹಿಡಿ, ರಷ್ಯಾದ್ದು, ವಾಯುಪಡೆಯ ಕಾಲದ್ದು. ಮಗನ ಫೋಟೋ ತೋರಿಸಿದ್ದೂ ಅವತ್ತೇ. ನಾಲ್ಕು ವರ್ಷದ ಹುಡುಗ, ಕೈಯಲ್ಲಿ ಅಪ್ಪನ ಹಳೆಯ ಟೋಪಿ.

ಕೋನಗಲ್ಲಿನಲ್ಲಿ ಧೋಂಡಿಯನ ಸಾಮಾನುಗಳ ನಡುವೆ ಒಂದು ಮಗು ಸಿಕ್ಕಿತ್ತು. ಅವನ ಮಗ ಸಲಾಬತ್ ಖಾನ್, ವಯಸ್ಸು ಸುಮಾರು ನಾಲ್ಕು. ಸೈನಿಕರು ವೆಲ್ಲೆಸ್ಲಿಯ ಡೇರೆಗೆ ಎತ್ತಿಕೊಂಡು ಹೋದರು. ಆತ ಮಗುವನ್ನು ಇಟ್ಟುಕೊಂಡು ಸಾಕಿಸಿದ, 1805ರಲ್ಲಿ ದೇಶ ಬಿಡುವಾಗ ಶ್ರೀರಂಗಪಟ್ಟಣದ ಕಲೆಕ್ಟರ್ ಸಿಮ್ಮನ್ಸನ ಹತ್ತಿರ ಅದರ ಪಾಲನೆಗೆ ಹಣ ಇಟ್ಟುಹೋದ. ಹುಡುಗ ಬೆಳೆದು ಮೈಸೂರು ಮಹಾರಾಜರ ಚಾಕರಿಗೆ ಸೇರಿದ, 1822ರಲ್ಲಿ ಕಾಲರಾಕ್ಕೆ ಸತ್ತ. ಈ ಪುಟವನ್ನು ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಆಗ ಅವಳು ಹಾಸಿಗೆ ಹಿಡಿದಿದ್ದಳು. ಪೂರ್ತಿ ಕೇಳಿಸಿಕೊಂಡು, "ನಿನ್ನ ಆ ಉಸ್ತಾದನ ಮಗ ಏನಾದ್ನೋ?" ಅಂದಳು.

ಟೆಸ್ಟರ್ ಇವತ್ತಿಗೂ ನನ್ನ ಚೀಲದಲ್ಲಿದೆ, ಒಳಗಿನ ಸಣ್ಣ ದೀಪ ಇನ್ನೂ ಹತ್ತುತ್ತದೆ. ಆ ಹುಡುಗನಿಗೆ ಈಗ ಇಪ್ಪತ್ತು ದಾಟಿರಬೇಕು.